ಬಾಯಿ ಬಿಡದ ಏಳನೇ ಹಾಡು

ರೀ,

ನಾನು ಡ್ಯಾನ್ಸ್ ಕ್ಲಾಸಿಗೆ ಹೊರಟೆ. ಅತ್ತೆಯ ಮಾತ್ರೆ ಮೇಜಿನ ಮೇಲಿದೆ, ತಿಂಡಿ ಆದ ಮೇಲೆ ಕೊಡಿ.

ಮ್ಯೂಸಿಕ್ ಪ್ಲೇಯರ್ ವಿಷಯ. ಮೂರು ದಿನದಿಂದ ಏಳನೇ ಹಾಡೊಂದೇ ಪ್ಲೇ ಆಗ್ತಿಲ್ಲ. ಆರನೇದು ಆಗುತ್ತೆ, ಎಂಟನೇದೂ ಆಗುತ್ತೆ. ಚಾರ್ಜ್ ಮಾಡಿದೆ, ಆಫ್ ಮಾಡಿ ಆನ್ ಮಾಡಿದೆ, ಕಂಪ್ಯೂಟರಿನಿಂದ ಮತ್ತೆ ಹಾಕಿದೆ. ಜಪ್ಪಯ್ಯ ಅಂದರೂ ಹಾಡಲಿಲ್ಲ. ಶನಿವಾರ ನನ್ನ ಕ್ಲಾಸಿನ ಮಕ್ಕಳು ಕುಣೀಬೇಕಾದ್ದು ಅದಕ್ಕೇ. ನಾನು ದಿನಾ ಬೆಳಿಗ್ಗೆ ಹತ್ತು ಸಲ ಹಾಕೋದು, ನೀವು ಪೇಪರ್ ಓದ್ತಾ ಕಿವಿ ಮುಚ್ಕೊಳ್ಳೋದು, ಅದೇ ಹಾಡು. ಆಗಲೇ ನಂಗೆ ಅನುಮಾನ ಬಂತು.

ರಿಪೇರಿಯವನು ನೋಡಿ ನಕ್ಕ. ಫೈಲ್ ಕೆಟ್ಟಿಲ್ಲವಂತೆ. ಹೆಸರಿನ ಕೊನೆಯ ಮೂರು ಅಕ್ಷರ ಯಾರೋ ಬದಲಾಯಿಸಿದ್ದಾರಂತೆ, ಅದಕ್ಕೇ ಅದು ಹಾಡು ಅಂತ ಪ್ಲೇಯರಿಗೆ ಗೊತ್ತಾಗ್ತಿಲ್ಲವಂತೆ. ಅತ್ತೆಯಂತೂ ಶಾಕ್ ಹೊಡೆಯುತ್ತೆ ಅಂತ ಕಂಪ್ಯೂಟರ್ ಹತ್ತಿರಕ್ಕೇ ಹೋಗಲ್ಲ. ನೀವೋ, ಇಪ್ಪತ್ತು ವರ್ಷದಿಂದ ‘ನಂಗೆ ಅದೆಲ್ಲ ಬರಲ್ಲ ಕಣೇ’ ಅಂದವರು.

ನಿನ್ನೆ ಕಂಪ್ಯೂಟರಿನಲ್ಲಿ ಒಂದು ಹೊಸ ಫೋಲ್ಡರ್ ಸಿಕ್ಕಿತು. ಹೆಸರು ‘ಮೂಲ ಪ್ರತಿ, ತಿದ್ದುವ ಮುನ್ನ’. ಒಳಗೆ ನನ್ನ ಹಾಡು, ಜೋಪಾನವಾಗಿ. ಆಫೀಸಿನ ದಾಖಲೆ ಕೋಣೆ ನೋಡಿಕೊಳ್ಳೋ ನಿಮ್ಮನ್ನ ಬಿಟ್ಟು, ಮಾಡಿದ ತಂಟೆಗೂ ಮೂಲ ಪ್ರತಿ ಎತ್ತಿಡೋರು ಇನ್ಯಾರಿದ್ದಾರೆ?

ಹಾಡು ತಗೊಂಡು ಹೋಗ್ತಿದ್ದೀನಿ. ಇನ್ನು ನನ್ನ ಕಿವಿ ಮೇಲೆ ಹೂವು ಇಡಬೇಡಿ. ಅತ್ತೆಗೆ ಡಾಕ್ಟರ್ ಅಪಾಯಿಂಟ್‌ಮೆಂಟ್, ಗ್ಯಾಸ್ ಬುಕಿಂಗ್, ನಿಮ್ಮ ತಂಗಿಯ ರೈಲು ಟಿಕೆಟ್, ಇವತ್ತಿನಿಂದ ಎಲ್ಲ ನೀವೇ ಮಾಡಿ. ಕಂಪ್ಯೂಟರಿನ ಪಾಸ್‌ವರ್ಡ್ ಬರೆದಿಟ್ಟಿಲ್ಲ. ನಿಮಗೆ ಗೊತ್ತಿದೆ ಅಂತ ಈಗ ನಂಗೂ ಗೊತ್ತು.