ಇನ್ನೂರ ಮೂವತ್ತೊಂದನೆಯ ಉತ್ತರವನ್ನು ಅಳಿಸಬೇಡ

ಹಗ್ಗದಾರಿ ಯಂತ್ರದ ಕೋಣೆ, ಮೂಡಣಗುಡ್ಡ, ಸಂಡೂರು ಸೀಮೆ
ನಮ್ಮ ಎಣಿಕೆಯಲ್ಲಿ 2291, ಹಿಂಬೇಸಿಗೆಯ ಮೂವತ್ತೆಂಟನೆಯ ದಿನ
ಈ ಯಂತ್ರದ ಎಣಿಕೆಯಲ್ಲಿ 2026 ಜೂನ್ 19, ಶುಕ್ರವಾರ

ಮುಳ್ಳುಹಂದಿಗೆ,

ಮೇಲೆ ಎರಡು ತಾರೀಖು ನೋಡಿ ಮುದುಕನಿಗೆ ಅರಳುಮರಳು ಎಂದುಕೊಳ್ಳಬೇಡ. ಎರಡೂ ಸರಿ. ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ, ತಾಳ್ಮೆ ಇದ್ದರೆ ಓದು. ನಿನಗೆ ತಾಳ್ಮೆ ಇಲ್ಲವೆಂದು ಬಲ್ಲೆ, ನನಗೂ ಇಲ್ಲ. ನನ್ನ ಮಾತು ನಿನ್ನ ಕಿವಿಗೆ ವಿಚಿತ್ರವಾಗಿ ಕೇಳಿದರೆ ತಪ್ಪು ನನ್ನದಲ್ಲ, ನಮ್ಮಿಬ್ಬರ ನಡುವೆ ಬಿದ್ದಿರುವ ಇನ್ನೂರ ಅರವತ್ತೈದು ವರ್ಷದ್ದು. ನಾನು ಕಲಿತದ್ದು ಮೂರನೆಯ ಇಯತ್ತೆ, ಅದೂ ಪೂರ್ತಿಯಲ್ಲ. ಕ್ಷಮೆ ಕೇಳಿ ಅಭ್ಯಾಸವಿಲ್ಲ, ಕೇಳಿದ್ದೇನೆ ಅಂದುಕೊ. ಇನ್ನೊಂದು. ಹುಟ್ಟಿದ ವರ್ಷ ನೋಡಿದರೆ ನೀನು ನನ್ನ ಮುತ್ತಜ್ಜನ ಮುತ್ತಜ್ಜನಿಗೂ ಹಿರಿಯ ಜೀವ. ಆದರೆ ನಿಮ್ಮ ಆ ಜಗಳದ ಹನ್ನೆರಡನೆಯ ಉತ್ತರದಲ್ಲಿ ನೀನೇ ‘ನನಗ ಇಪ್ಪತ್ತಾರು ನಡದಾವು’ ಎಂದು ಬರೆದಿದ್ದೀಯ. ನನಗೆ ಅರವತ್ತೆಂಟು. ಆದ್ದರಿಂದ ನೀನು ಎಂದೇ ಕರೆಯುತ್ತೇನೆ. ಗಂಡೋ ಹೆಣ್ಣೋ ನಮಗೆ ತಿಳಿಯದು. ಮುಳ್ಳುಹಂದಿ ಎಂಬ ಹೆಸರಿಟ್ಟುಕೊಂಡು ಮುಖ ಮುಚ್ಚಿಕೊಂಡು ಜಗಳಕ್ಕೆ ಇಳಿದ ಜೀವ ನೀನು.

ನನ್ನ ಹೆಸರು ಹೊನ್ನೂರಪ್ಪ. ಈ ಹಗ್ಗದಾರಿ ನೋಡಿಕೊಳ್ಳುವವನು. ನಿಮ್ಮ ಕಾಲದವರು ಅದಿರು ತೋಡಿ ತೋಡಿ ಬಿಟ್ಟ ಗುಂಡಿ ಈಗ ಕೆಂಪುಕೆರೆ. ಈಚೆ ಮೂಡಣಗುಡ್ಡ, ಆಚೆ ಪಡುಗುಡ್ಡ, ನಡುವೆ ನೂರಾಳು ಆಳದ ಕೆಂಪು ನೀರು. ಬಾವಿ ಈಚೆಗಿದೆ, ಹೊಲ ಆಚೆಗಿದೆ. ಹೆಣ್ಣು ಈಚೆಯದಾದರೆ ಗಂಡು ಆಚೆಯದು. ಉಕ್ಕಿನ ಹಗ್ಗಕ್ಕೆ ನೇತುಬಿದ್ದ ಎರಡು ತೊಟ್ಟಿಲು, ಅಂದರೆ ಹತ್ತು ಹನ್ನೆರಡು ಜನ ಕೂರುವ ಗೂಡು, ಒಂದು ಹೋದರೆ ಒಂದು ಬರುತ್ತದೆ. ಬಿಸಿಲುಹಂಚು ಕೊಡುವ ಕರೆಂಟಿನಲ್ಲಿ ಯಂತ್ರ ಓಡುತ್ತದೆ. ಯಂತ್ರದೊಳಗೆ ಕೂತು ಅದನ್ನು ಆಡಿಸುವ ಬುದ್ಧಿಗೆ ನೀವು ಆಪರೇಟಿಂಗ್ ಸಿಸ್ಟಮ್ ಎನ್ನುತ್ತಿದ್ದಿರಂತೆ. ನಾವು ಒಳಾಳು ಎನ್ನುತ್ತೇವೆ. ನಮ್ಮಲ್ಲಿ ಈಗ ಬೇಸಿಗೆ ಎರಡು. ಹಿಂಬೇಸಿಗೆಯಲ್ಲಿ ಪ್ರತಿದಿನ ಹೊತ್ತು ವಾಲಿದ ಮೇಲೆ ಮಣ್ಣುಗಾಳಿ ಏಳುತ್ತದೆ. ಓಡುವ ತೊಟ್ಟಿಲು ಅದಕ್ಕೆ ಜಗ್ಗುವುದಿಲ್ಲ. ನಿಂತ ತೊಟ್ಟಿಲಿಗೆ ಬಡಿದರೆ ಕೊಂಡಿ ಕಳಚುತ್ತದೆ. ನಾನು ಹುಟ್ಟುವ ಮೊದಲು ಹಾಗೆ ಐದು ಜನ ನೀರುಪಾಲಾದರು.

ನಿನ್ನ ಜಗಳ ನಮ್ಮ ಕೈಗೆ ಹೇಗೆ ಬಂತು ಎಂದು ಕೇಳುತ್ತೀಯ. ಈ ಹಗ್ಗದಾರಿಯ ಮೊದಲ ಯಂತ್ರಗಾತಿ ಕುಸುಮಾ ಎಂಬಾಕೆ. ಹೊಸ ಯಂತ್ರ ಏಳಲಿಲ್ಲ. ನಿಮ್ಮೆಲ್ಲರ ಚರ್ಚೆಯ ಜಾಗದಲ್ಲಿ ಆಕೆ ಎರಡೇ ಸಾಲು ಕೇಳಿದಳು: ಯಾವ ಒಳಾಳನ್ನು ಕೂರಿಸಿದರೆ ಒಳ್ಳೆಯದು, ದಯವಿಟ್ಟು ತಿಳಿಸಿ. ನೀನು ಕಿಟಕಿಯ ಗುರುತಿನದು ಎಂದೆ. ಒಗ್ಗರಣೆ ಎಂಬ ಹೆಸರಿನವನು ಹಾರಲು ಬಾರದ ಹಕ್ಕಿಯ ಗುರುತಿನದು ಎಂದ. ಅಲ್ಲಿಂದ ಹದಿನೇಳು ದಿನ, ನಾನೂರ ಹನ್ನೆರಡು ಉತ್ತರ. ಆ ಹೆಣ್ಣುಮಗಳು ಮೂರನೆಯದಕ್ಕೆ ಬಾಯಿ ಮುಚ್ಚಿದಳು. ಎಲ್ಲ ಮುಗಿದ ಮೇಲೆ ಅಷ್ಟನ್ನೂ ಕಾಗದಕ್ಕೆ ಇಳಿಸಿ ಈ ಕೋಣೆಯಲ್ಲಿ ಕಟ್ಟಿಟ್ಟಳು. ಯಂತ್ರ ಮಾಡಿದವರ ಪುಸ್ತಕ ಒಂದಿತ್ತಂತೆ, ಹಣ ಕಟ್ಟಿದವರಿಗೆ ಮಾತ್ರ ತೆರೆಯುವಂಥದ್ದು. ಅವರು ಹೋದರು, ಅದೂ ಹೋಯಿತು. ಉಳಿದದ್ದು ನಿಮ್ಮ ಬೈದಾಟ.

ಹಾಗೆಂದು ತಾತ್ಸಾರ ಮಾಡುತ್ತಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ನೀವಿಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಕುಸುಮಾ ಯಾರ ಮಗಳೋ ಇಬ್ಬರಿಗೂ ಗೊತ್ತಿಲ್ಲ. ಸಂಬಳವಿಲ್ಲ, ಊಟವಿಲ್ಲ, ಹೇಳಿಕೊಳ್ಳಲು ಹೆಸರೂ ಇಲ್ಲ. ಅಂಥದ್ದರಲ್ಲಿ ಆ ಒಗ್ಗರಣೆ ನಿನ್ನನ್ನು ಸುಳ್ಳಾಗಿಸಲೆಂದು ಗುಜರಿ ಅಂಗಡಿಗೆ ಹೋಗಿ ಇದೇ ಜಾತಿಯ ಯಂತ್ರ ಹುಡುಕಿ ತಂದು, ಬಿಚ್ಚಿ, ಒಂದೊಂದು ಹೆಜ್ಜೆಯನ್ನೂ ಬರೆದು ಹಾಕಿದ. ನೀನು ಅವನನ್ನು ಸುಳ್ಳಾಗಿಸಲೆಂದು ಅದರ ಎರಡರಷ್ಟು ಬರೆದೆ. ಒಳ್ಳೆಯ ಮಾತಿನಲ್ಲಿ ಕೇಳಿದ್ದರೆ ಇಬ್ಬರೂ ನಾಲ್ಕು ಸಾಲು ಬರೆದು ಮಲಗುತ್ತಿದ್ದಿರಿ. ನೀರಿನಂತೆ ಹರಿಸಿದಿರಲ್ಲ ಬುದ್ಧಿಯನ್ನು! ದೊಡ್ಡ ಗುಡಿಯ ಕಂಬ ನೋಡಿದಾಗ ಕೆತ್ತಿದವರು ಎಂಥವರಿದ್ದರೋ ಎಂದು ಬಾಯಿ ತೆರೆದು ನಿಲ್ಲುತ್ತೇವಲ್ಲ, ಹಾಗೆ ನಿಲ್ಲುತ್ತೇನೆ ನಾನು ಆ ನಾನೂರ ಹನ್ನೆರಡರ ಮುಂದೆ.

ಈಗ ಕಿಟಕಿಯೂ ಇಲ್ಲ, ಹಕ್ಕಿಯೂ ಇಲ್ಲ. ಈ ಯಂತ್ರದಲ್ಲಿರುವ ಹಕ್ಕಿಯೊಂದೇ ಕೊನೆಯದೇನೋ. ಆದರೆ ನಮ್ಮ ಊರು ಇನ್ನೂ ಕಿಟಕಿ ಮನೆತನ, ಹಕ್ಕಿ ಮನೆತನ ಎಂದು ಎರಡು. ವರ್ಷಕ್ಕೊಮ್ಮೆ ಜಗಳದೋದು ಇಡುತ್ತೇವೆ. ಎರಡೂ ಕಡೆಯವರು ಎದುರುಬದುರು ಕಂಬಳಿ ಹಾಸಿ, ಪೈಪೋಟಿಗೆ ಬಿದ್ದು ಹಾಡುವ ಹರದೇಶಿ ನಾಗೇಶಿ ಪದದವರ ಹಾಗೆ, ಅವರದೊಂದು ಇವರದೊಂದು ಉತ್ತರ ಹೇಳುತ್ತಾ ಹೋಗುವುದು. ಇನ್ನೂರ ಎಂಬತ್ತೇಳು ಬಂದಾಗ ಎಲ್ಲರೂ ಎದ್ದು ನಿಲ್ಲಬೇಕು. ನಿನಗೆ ನೆನಪಿರಬೇಕು. ಒಗ್ಗರಣೆ ಎರಡು ದಿನ ಬಂದಿರಲಿಲ್ಲ. ನೀನು ಬರೆದೆ: ‘ಎಲ್ಲಿ ಸತ್ತಿಯೋ? ಅರಾಮ ಅದಿಯಿಲ್ಲೊ?’ ಅವನು, ‘ಜ್ವರ ಬಂದಿತ್ತು ಕಣೋ ಮಾರಾಯ, ತಲೆ ಎತ್ತಕ್ಕಾಗ್ತಿಲ್ಲ’ ಎಂದ. ನೀನು, ‘ಗಂಜಿ ಕುಡಿ, ಗುಳಿಗಿ ತಗೊ. ಎದ್ದ ಮ್ಯಾಲೆ ಬೈತೀನಿ’ ಎಂದೆ. ಅಷ್ಟು ಹೇಳುವಾಗ ಕಣ್ಣು ಒರೆಸಿಕೊಳ್ಳದ ಮುದುಕಿಯಿಲ್ಲ ನಮ್ಮೂರಲ್ಲಿ. ಆಮೇಲೆ ಕೂತು ಮತ್ತೆ ಬೈಯಲು ಶುರು.

ಬೈಗುಳದ ವಿಷಯಕ್ಕೇ ಬರುತ್ತೇನೆ. ನಮ್ಮ ಅಜ್ಜಿ ದುರುಗಮ್ಮ ಈ ಯಂತ್ರ ನೋಡಿಕೊಂಡಿದ್ದವಳು. ಅಷ್ಟೂ ಉತ್ತರ, ತಾರೀಖಿನ ಸಮೇತ, ಅವಳಿಗೆ ಬಾಯಿಪಾಠ; ನನಗೆ ಮಗ್ಗಿಗಿಂತ ಮೊದಲು ಅದನ್ನು ಕಲಿಸಿದಳು. ಮೂರನೆಯ ಇಯತ್ತೆಯಲ್ಲಿ ಊರ ಹಿರಿಯರು ಶಾಲೆಗೆ ಬಂದ ದಿನ, ಯಾರಾದರೂ ಒಂದು ಉತ್ತರ ಹೇಳಿ ಎಂದರು. ನಾನು ಎದ್ದು ನಿನ್ನ ಇನ್ನೂರ ಮೂವತ್ತೊಂದನ್ನು, ಒಂದಕ್ಷರ ಬಿಡದೆ, ಗಂಟಲು ಹರಿಯುವಂತೆ ಹೇಳಿದೆ. ಶರಭಯ್ಯ ಮೇಷ್ಟ್ರು ಕಿವಿ ಹಿಂಡಿ ಹೊರಗೆ ನಿಲ್ಲಿಸಿದರು. ನಾನು ಪಾಟಿ ಬಿಸಾಡಿ ಮನೆಗೆ ಹೋದವನು ತಿರುಗಿ ಹೋಗಲಿಲ್ಲ. ಮೇಷ್ಟ್ರು ಸುಮ್ಮನಾಗಲಿಲ್ಲ. ಮಕ್ಕಳ ಬಾಯಿ ಕೆಡುತ್ತದೆ ಎಂದು ಬೈಗುಳ ಬಂದಲ್ಲೆಲ್ಲ ಕತ್ತರಿಸಿ, ಚಂದದ ಅಕ್ಷರದಲ್ಲಿ ಶುದ್ಧಪ್ರತಿ ಮಾಡಿದರು. ಇನ್ನೂರ ಮೂವತ್ತೊಂದು ಇಡೀ ಹೋಯಿತು, ಜಗಳದೋದಿನಿಂದಲೂ. ಹಳೆಯ ಕಾಗದವನ್ನು ಗೆದ್ದಲು ತಿಂದಿತು.

ಇವತ್ತಿಗೆ ಏಳು ದಿನದ ಹಿಂದೆ, ಮಟಮಟ ಮಧ್ಯಾಹ್ನ, ಬಿಸಿಲುಹಂಚಿಗೆ ಬರಸಿಡಿಲು ಹೊಡೆಯಿತು. ಅಜ್ಜಿ ಕೊನೆಯ ಸಲ ಎಬ್ಬಿಸಿದ ಮೇಲೆ ಅರವತ್ತೊಂದು ವರ್ಷ ಒಂದು ಗಳಿಗೆ ಆರದೆ ಓಡಿದ ಯಂತ್ರ ಆರಿತು. ಪಡುಗುಡ್ಡದಿಂದ ಬರುತ್ತಿದ್ದ ತೊಟ್ಟಿಲು ಕೆರೆಯ ನಟ್ಟನಡುವೆ ನಿಂತಿತು. ಒಳಗೆ ಎಂಟು ಜನ. ಒಬ್ಬಾಕೆಯ ಮಡಿಲಲ್ಲಿ ಎರಡು ತಿಂಗಳ ಕೂಸು. ಇನ್ನೊಬ್ಬಳು ನನ್ನ ತಂಗಿ ಹುಲಿಗೆಮ್ಮ. ಕಿಟಕಿ ಮನೆತನಕ್ಕೆ ಮದುವೆಯಾಗಿ ಹೋದವಳು, ಹೋದ ದಿನದಿಂದ ಪೂರಾ ಕಿಟಕಿಯಾದವಳು; ಓದಿನಲ್ಲಿ ನಿನ್ನ ಮಾತು ಹೇಳುವುದು ಅವಳೇ. ನಮ್ಮಿಬ್ಬರ ನಡುವೆ ನೆಟ್ಟಗೆ ಮಾತಿಲ್ಲ, ಬರೀ ಜಗಳ. ಗಾಳಿ ಏಳಲು ಮೂರು ತಾಸು ಇತ್ತು.

ಕೈಯಲ್ಲಿ ತಿರುಗಿಸುವ ಚಕ್ರ ಎಂದೋ ತುಕ್ಕು ಹಿಡಿದಿತ್ತು. ಶರಭಯ್ಯ ಮೇಷ್ಟ್ರು, ಈಗ ತೊಂಬತ್ತು ವರ್ಷ, ಕೋಲೂರಿಕೊಂಡು ಶುದ್ಧಪ್ರತಿ ತಂದರು. ಅವರು ಓದಿದರು, ನಾನು ಮಾಡಿದೆ. ಹೊಸ ಹಂಚು ಜೋಡಿಸಿದೆವು. ಕರೆಂಟು ಬಂತು. ಯಂತ್ರ ಗುರ್ ಎಂದಿತು, ಪರದೆಯ ಮೇಲೆ ನಿಮ್ಮ ಕಾಲದ ಇಂಗ್ಲಿಷಿನಲ್ಲಿ ಒಂದೇ ಸಾಲು ಬಂತು, ಸುಮ್ಮನಾಯಿತು. ಆ ಸಾಲು ಓದಬಲ್ಲವರು ನಮ್ಮಲ್ಲಿಲ್ಲ. ಮತ್ತೆ ಮೊದಲಿಂದ. ಮತ್ತೆ ಅದೇ ಸಾಲು. ಆರು ಸಲ ಹೀಗೆ. ಆರು ಸಲವೂ ಮೇಷ್ಟ್ರು ಇನ್ನೂರ ಮೂವತ್ತರಿಂದ ಇನ್ನೂರ ಮೂವತ್ತೆರಡಕ್ಕೆ ಹಾರಿದರು, ನನಗೆ ಹೊಳೆಯಲಿಲ್ಲ. ತೊಟ್ಟಿಲಿಗೂ ಕೋಣೆಗೂ ಮಾತಿನ ತಂತಿಯೊಂದಿದೆ. ಅದರಲ್ಲಿ ಹುಲಿಗೆಮ್ಮನ ದನಿ ಬಂತು.

‘ಏನಣ್ಣ, ಇನ್ನಾ ಎಷ್ಟೊತ್ತು? ನಿಮ್ಮ ಹಕ್ಕಿ ಮೊಟ್ಟೆಗೆ ಕುಂತೈತೇನು?’

‘ಬಾಯಿ ಮುಚ್ಕೆಂಡು ಕುಂದ್ರು. ಮೊದ್ಲಿಂದ ಮಾಡಕತ್ತೀನಿ.’

‘ಮೊದ್ಲಿಂದ ಅಂತ ಅದನ್ನೇ ಆರು ಸಲ ಹೇಳ್ದಿ. ಕೂಸು ಅಳಾಕ ಹತ್ತೈತಿ, ಪಡುಗಡೆ ಕೆಂಪಗೆ ಎದ್ದೈತಿ ಗಾಳಿ. ಏ ಗೂಬಿ, ನಿನ್ನ ತಲಿ ನಿಂತಾಂಗ ನಿನ್ನ ಗಡಿಯಾರಾನೂ ನಿಂತೈತೇನು?’

ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು. ಅದು ನಿನ್ನ ಮಾತು. ನಮ್ಮಜ್ಜಿ ನಮ್ಮಿಬ್ಬರನ್ನೂ ಬೈಯುತ್ತಿದ್ದ ಮಾತು. ಅರವತ್ತು ವರ್ಷ ನಾನು ಅದನ್ನು ಅರ್ಧ ಊರಿನ ಮೇಲೆ ಪ್ರಯೋಗಿಸಿದ್ದೇನೆ, ಬೈಯಲಿಕ್ಕೆ ಅಂತ. ಅದು ಏನು ಹೇಳುತ್ತದೆಂದು ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ. ಅಲ್ಲೇ ನಿಂತು ಪೂರ್ತಿ ಹೇಳಿದೆ, ಮೇಷ್ಟ್ರ ಎದುರಿಗೇ:

‘ಏ ಗೂಬಿ, ನಿನ್ನ ತಲಿ ನಿಂತಾಂಗ ನಿನ್ನ ಗಡಿಯಾರಾನೂ ನಿಂತೈತಿ. ನಿಮ್ಮಪ್ಪ ಹುಟ್ಟೂಕಿಂತ ಮದಲಿನ ತಾರೀಖು ತೋರಸಾಕತ್ತೈತಿ, ಕಣ್ಣಿದ್ರ ನೋಡು. ಹಿಂಗಿದ್ರ ಅದರ ಪರವಾನಗಿ ಇನ್ನೂ ಸುರುನ ಆಗಿಲ್ಲ ಅಂತೈತಿ, ಯಾಕ ಓಡೀತು? ಎಫ್ ಎರಡು ಒತ್ತಿ ಹಿಡದು ಕರೆಂಟು ಹಾಕು, ಕರೀ ಪರದಿ ಬರ್ತೈತಿ, ಮ್ಯಾಲಿನ ಸಾಲಿನ್ಯಾಗ ಇವತ್ತಿನ ತಾರೀಖು ಹೊಡಿ. ಆಮ್ಯಾಲೆ ಬಂದು ನಿನ್ನ ಹಕ್ಕಿ ಪುರಾಣ ಹೇಳು, ಕತ್ತಿ.’

ಎಫ್ ಎರಡು ಒತ್ತಿದೆ. ಕರಿಯ ಪರದೆ ಬಂತು. ಇವತ್ತಿನ ತಾರೀಖು ಹೊಡೆದೆ. 2291 ಎಂಬ ಅಂಕಿಯನ್ನು ಯಂತ್ರ ಒಳಗೇ ಬಿಟ್ಟುಕೊಳ್ಳಲಿಲ್ಲ. ನಿಮ್ಮ ಕಾಲದ ತಾರೀಖು ನನಗೆ ಗೊತ್ತಿದ್ದದ್ದು ಜಗಳದವು ಮಾತ್ರ. ಅಜ್ಜಿ ಇನ್ನೂರ ಮೂವತ್ತೊಂದನ್ನು ಹೇಳುವ ಮೊದಲು ಹೇಳುತ್ತಿದ್ದದ್ದನ್ನೇ ಹೊಡೆದೆ: 2026 ಜೂನ್ 12. ಯಂತ್ರ ನಂಬಿತು. ಚಕ್ರ ತಿರುಗಿತು. ಗಾಳಿ ಕೆರೆಯ ಆಚೆ ದಂಡೆ ದಾಟುವಾಗ ತೊಟ್ಟಿಲು ನಮ್ಮ ಕಟ್ಟೆಗೆ ಬಂದು ತಾಗಿತು. ಎಂಟು ಜನವೂ ಇಳಿದರು. ಹುಲಿಗೆಮ್ಮ ನೆಲಕ್ಕೆ ಕಾಲಿಟ್ಟ ತಕ್ಷಣ, ‘ಯಾರ ಮಾತು ಕಾಪಾಡ್ತು ನೋಡು, ನಮ್ಮ ಕಿಟಕಿಯವರ ಮಾತು’ ಎಂದಳು. ‘ಓಡಿದ್ದು ನಮ್ಮ ಹಕ್ಕಿ’ ಎಂದೆ. ಅಲ್ಲಿಂದ ಶುರುವಾದದ್ದು ಇನ್ನೂ ಮುಗಿದಿಲ್ಲ. ಆದರೆ ಮಾತಾಡುವಾಗ ಅವಳು ನನ್ನ ತೋಳು ಹಿಡಿದುಕೊಂಡಿದ್ದಳು, ಮನೆ ಮುಟ್ಟುವವರೆಗೂ ಬಿಡಲಿಲ್ಲ. ಮರುದಿನ ಮೇಷ್ಟ್ರು ನನ್ನ ಮನೆಗೆ ಬಂದರು. ಶುದ್ಧಪ್ರತಿ ತೆರೆದು, ಲೇಖನಿ ಹಿಡಿದು, ‘ನಿಧಾನ ಹೇಳಪ್ಪಾ, ಒಂದೂ ಬಿಡಬ್ಯಾಡ’ ಎಂದರು. ಹೇಳಿದೆ. ಗೂಬಿ, ಕತ್ತಿ, ಎಲ್ಲವನ್ನೂ ಬರೆದುಕೊಂಡರು.

ಈಗ ಮೇಲಿನ ತಾರೀಖಿನ ವಿಷಯ ತಿಳಿಯಿತಲ್ಲ. ಈ ಯಂತ್ರ ಮತ್ತೆ ಎದ್ದು ಏಳು ದಿನವಾಯಿತು. ಅದರ ಪಾಲಿಗೆ ಇವತ್ತು ಜೂನ್ 19. ಅದು ನಿನ್ನ ಕೊನೆಯ ಉತ್ತರದ ದಿನ, ನಾನೂರ ಹನ್ನೆರಡನೆಯದು: ‘ಭಾಳ ಹೊಲಸು ಮಾತಾಡಿನಿ. ಓದಿದ್ರ ನನಗ ನಾಚಿಕಿ ಬರ್ತೈತಿ. ನಾಳೆ ಮುಂಜಾನೆ ಎದ್ದು ನಂದೆಲ್ಲಾ ಅಳಸಿ ಹಾಕ್ತೀನಿ.’ ಇದನ್ನು ಮೇಷ್ಟ್ರು ಶುದ್ಧಪ್ರತಿಯಲ್ಲಿ ಜೋಪಾನವಾಗಿ ಉಳಿಸಿದ್ದರು, ಒಳ್ಳೆಯ ನಡತೆಗೆ ಉದಾಹರಣೆ ಎಂದು. ನಾನು ಮಾತ್ರ ಇವತ್ತು ಬೆಳಗ್ಗೆ ಪರದೆಯಲ್ಲಿ ಆ ತಾರೀಖು ಕಂಡದ್ದೇ ಬೆರಳು ಮಡಚಿ ಹೊತ್ತು ಎಣಿಸಿದೆ. ನಾಳೆ ಮುಂಜಾನೆ ಎಂದರೆ ಇನ್ನೆಷ್ಟು ಹೊತ್ತು? ಅದಕ್ಕೇ ಕೂತು ಒಂದೇ ಬೆರಳಿನಲ್ಲಿ ಇದನ್ನು ಹೊಡೆಯುತ್ತಿದ್ದೇನೆ. ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ. ಯಂತ್ರ ನಿನ್ನ ದಿನದಲ್ಲಿದೆ, ದಾರಿ ಅದಕ್ಕೆ ಗೊತ್ತಿರಬೇಕು.

ಕೇಳು. ನಾಳೆ ಎದ್ದಾಗ ನಾಚಿಕೆ ಆಗುತ್ತದೆ. ಆಗಲಿ, ಅದರಿಂದ ಯಾರೂ ಸತ್ತಿಲ್ಲ. ಮುಖ ತೊಳೆ, ಚಹಾ ಕುಡಿ, ಒಗ್ಗರಣೆಗೆ ಜ್ವರ ಪೂರ್ತಿ ಬಿಟ್ಟಿತೋ ಇಲ್ಲವೋ ವಿಚಾರಿಸು. ಇನ್ನೂರ ಮೂವತ್ತೊಂದನ್ನು ಮುಟ್ಟಬೇಡ. ತಿದ್ದಲೂ ಬೇಡ, ಒಬ್ಬ ಒಳ್ಳೆಯವನು ತಿದ್ದಿದ್ದಕ್ಕೆ ಎಂಟು ಜೀವ ಗಾಳಿಗೆ ತೂಗಾಡಿದವು.

ನೀನು ಅಳಿಸಲಿಲ್ಲ ಎಂದು ನನಗೆ ಗೊತ್ತು. ಕುಸುಮಾ ಕಾಗದಕ್ಕೆ ಇಳಿಸಿದ್ದು ಜೂನ್ 21, ಭಾನುವಾರ. ಆಗ ಎಲ್ಲವೂ ಇತ್ತು. ಯಾಕೆ ಅಳಿಸಲಿಲ್ಲ ಎಂಬುದನ್ನು ಮಾತ್ರ ನೀನು ಎಲ್ಲಿಯೂ ಬರೆದಿಲ್ಲ. ನಿನ್ನಂಥ ಹಠಮಾರಿ ಆಡಿದ ಮಾತನ್ನು ಸುಮ್ಮನೆ ಬಿಡುವ ಜೀವವಲ್ಲ. ಯಾರೋ ಬೇಡವೆಂದು ಹೇಳಿರಬೇಕು. ನಾನು ಹೇಳಿದ್ದೇನೆ. ನನಗಿಂತ ಮೊದಲು ಬೇರೆ ಯಾರಾದರೂ ಹೇಳಿದ್ದರೆ ಅವರಿಗೆ ನನ್ನ ನಮಸ್ಕಾರ ತಿಳಿಸು.

ಸಾಕು, ಏಳುತ್ತೇನೆ. ಹೊರಗೆ ಮಣ್ಣುಗಾಳಿ ಎದ್ದಿದೆ. ತೊಟ್ಟಿಲು ಪಡುಗುಡ್ಡ ಬಿಟ್ಟಿದೆ, ನಡುಗೆರೆ ದಾಟುತ್ತಿದೆ. ಒಳಗೆ ನಿಂತು ಈ ಕಡೆಗೆ ಕೈ ಬೀಸಿ ಬೀಸಿ ಏನೋ ಬೈಯುತ್ತಿದ್ದಾಳೆ ಹುಲಿಗೆಮ್ಮ. ಏನೆಂದು ಕೇಳಿಸುತ್ತಿಲ್ಲ. ಮಾತಿನ ತಂತಿ ಎತ್ತಿ ಕೇಳಿಸಿಕೊಳ್ಳುತ್ತೇನೆ.

ಹೊನ್ನೂರಪ್ಪ
ಹಕ್ಕಿ ಮನೆತನ, ಮೂಡಣಗುಡ್ಡ