ಮೂರನೆಯ ಗಿಟಾರು

ಹರಿಹರ
21-2-1965

ನನ್ನ ಪುಟ್ಟಕ್ಕನಿಗೆ,

ನಿನ್ನ ನಸೀಮಾಳ ಸಲಾಮು. ರಂಜಾನಿಗೆ ಮೊದಲೇ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯಲು ಕೂತಿದ್ದೇನೆ, ಸಿಟ್ಟಾಗಬೇಡ. ಹಬ್ಬ, ಅದರ ಬೆನ್ನಿಗೇ ಶಬ್ಬೀರ್ ಭಾಯಿಯ ನಿಶ್ಚಿತಾರ್ಥ. ಅದು ಮುಗಿದ ಮೇಲೂ ಬರೆಯಲಿಲ್ಲವಲ್ಲ ಅಂದರೆ, ಬರೆಯುವ ಮನಸ್ಸಿರಲಿಲ್ಲ. ನಿನ್ನ ಕೂಸಿಗೆ ಹಲ್ಲು ಬಂದ ಸುದ್ದಿಯನ್ನು ಅಮ್ಮಿ ಎರಡು ಸಲ ಓದಿಸಿಕೊಂಡಳು. ನೀನು ಮದುವೆಯಾಗಿ ಆನಗೋಡಿಗೆ ಹೋದ ಮೇಲೆ ಗೋಡೆಯಾಚೆಯ ನಿಮ್ಮ ಮನೆಗೆ ಬೇರೆಯವರು ಬಂದಿದ್ದಾರೆ. ಒಳ್ಳೆಯವರೇ. ಆದರೆ ಹಾಡುವವರು ಯಾರೂ ಇಲ್ಲ.

ಅಬ್ಬಾ ನಾಟಕ ಕಂಪನಿ ಬಿಟ್ಟು ಬರುವಾಗ ತಂದಿದ್ದ ಗಿಟಾರು ನಿನಗೆ ನೆನಪಿರಬೇಕು. ನಾನು ನುಡಿಸಿದರೆ ನೀನು ಹಾಡುತ್ತಿದ್ದೆ. ಅಬ್ಬಾ ತೀರಿಕೊಂಡ ಮೇಲೆ ಅದರ ಕುತ್ತಿಗೆ ಬಾಗುತ್ತಾ ಬಂತು. ಉಕ್ಕಿನ ತಂತಿ ಒತ್ತಿದರೆ ಬೆರಳು ಕೊಯ್ಯುತ್ತಿತ್ತು. ಆದರೂ ಬಿಟ್ಟಿರಲಿಲ್ಲ. ಹಬ್ಬ ಕಳೆದ ಎರಡು ದಿನಕ್ಕೆ ಭಾಯಿ ಬಂದು, “ದಾವಣಗೆರೆ ನಬೀ ಸಾಬರ ಅಂಗಡಿಗೆ ಬೊಂಬಾಯಿಂದ ನೈಲಾನ್ ತಂತಿ ಗಿಟಾರು ಬಂದಾವಂತೆ. ನಡಿ, ನಿನ್ನ ಕೈಗೆ ಒಪ್ಪೋದು ತಗಳಾಣ” ಅಂದ. ನಾನು ಕೇಳಿಯೇ ಇರಲಿಲ್ಲ, ಪುಟ್ಟಕ್ಕಾ. ಕೇಳದೆ ಬಂದದ್ದಕ್ಕೇ ಅಷ್ಟು ಹಿಗ್ಗಿದೆ.

ನಬೀ ಸಾಬರು ಅಬ್ಬಾನ ಹಳೆಯ ಗೆಳೆಯರು. ಹಾರ್ಮೋನಿಯಂ ರಿಪೇರಿ ಮಾಡುವ ಒಳಕೋಣೆಯಲ್ಲಿ ಚಾಪೆ ಹಾಸಿ, ಪರದೆ ಎಳೆದು, “ನಿಧಾನಕ ನೋಡವ್ವಾ, ಯಾರೂ ಬರಂಗಿಲ್ಲ” ಅಂದು ಮೂರು ಗಿಟಾರು ತಂದಿಟ್ಟರು. ಮೊದಲನೆಯದರ ತಂತಿ ಮರಕ್ಕೆ ತಾಗಿ ಗುಂಯ್ಗುಡುತ್ತಿತ್ತು. ಎರಡನೆಯದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಆದರೆ ಮೀಟಿದೊಡನೆ ನಾದ ಸತ್ತುಹೋಗುತ್ತಿತ್ತು. ಮೂರನೆಯದಕ್ಕೆ ಅಂಥ ಬಣ್ಣವಿಲ್ಲ, ಮುಂದಿನ ಹಲಗೆಯಲ್ಲಿ ಒಂದು ಗಂಟು ಬೇರೆ. ಎದೆಗೆ ಆನಿಸಿಕೊಂಡು ಮಂದ್ರದ ತಂತಿ ಮೀಟಿದೆ. ನಾದ ಕಿವಿಗಿಂತ ಮೊದಲು ಪಕ್ಕೆಲುಬಿಗೆ ಬಂತು. ನೈಲಾನು ಎಷ್ಟು ಮೆತ್ತಗೆ ಅಂತೀ, ಬೆರಳು ನೋಯುವುದೇ ಇಲ್ಲ. ಮೇಲಿನ ಮೆಟ್ಟುಗಳಲ್ಲೂ ಒತ್ತಿ ನೋಡಿದೆ, ಎಲ್ಲಿಯೂ ಶ್ರುತಿ ಜಾರಲಿಲ್ಲ. ಭಾಯಿಗೆ ಹೊಳೆಯುವುದರ ಮೇಲೇ ಕಣ್ಣು. “ಅದು ನೋಡೋಕೆ, ಇದು ಕೇಳೋಕೆ” ಅಂದೆ. ಅವನು ವಾದಿಸಲಿಲ್ಲ. “ನಿನ್ನ ಮಾತೇ ಆಖೈರು” ಅಂದುಬಿಟ್ಟ. ನಬೀ ಸಾಬರು, “ಕುತುಬುದ್ದೀನನ ಕೈನೇ ಬಂದೈತೆ ಹುಡುಗಿಗೆ” ಅಂದಾಗ ಅಬ್ಬಾನ ಹೆಸರು ಕೇಳಿ ನನಗೆ ಕಣ್ಣು ತುಂಬಿತು.

ಒಂದು ವಾರ ಅದು ನನ್ನ ಹತ್ತಿರವಿತ್ತು. ಹೊಸ ನೈಲಾನ್ ತಂತಿ ಹಿಗ್ಗುತ್ತಲೇ ಇರುತ್ತದೆ. ಶ್ರುತಿ ಮಾಡಿಟ್ಟರೆ ಗಳಿಗೆಯಲ್ಲಿ ಇಳಿಯುತ್ತದೆ. ಮತ್ತೆ ಬಿಗಿಯಬೇಕು, ನುಡಿಸಬೇಕು, ಮತ್ತೆ ಬಿಗಿಯಬೇಕು. ಮಧ್ಯಾಹ್ನವೆಲ್ಲ ಅದೇ ಕೆಲಸ.

ನಿಶ್ಚಿತಾರ್ಥದ ದಿನ ದಾವಣಗೆರೆಗೆ ಬಸ್ಸು ಹತ್ತಿದಾಗ ಭಾಯಿಯ ತೊಡೆಯ ಮೇಲೆ ಕೆಂಪು ರೇಷ್ಮೆ ಬಟ್ಟೆ ಸುತ್ತಿದ ಗಿಟಾರು. ಬೀಗರಿಗೆ ನನ್ನ ಕೈಲಿ ನುಡಿಸುತ್ತಾನೇನೋ ಅಂದುಕೊಂಡು, “ಎಲ್ಲರ ಮುಂದೆ ನಾನು ಒಲ್ಲೆ ಭಾಯಿ” ಅಂದೆ.

“ನೀ ಯಾಕ ನುಡಿಸ್ತೀ? ಇದು ಜಮಾಲುದ್ದೀನನಿಗೆ” ಅಂದ. ಜಮಾಲುದ್ದೀನ್ ಅಂದರೆ ಹುಡುಗಿಯ ಅಣ್ಣ. “ಗಿಟಾರು ಬೇಕು ಅಂತ ಅವನೇ ಬಾಯಿಬಿಟ್ಟು ಕೇಳಿದ್ದ. ಇಲ್ಲ ಅನ್ನಾಕಾಗತೈತಾ?”

“ನನ್ನ ಕೈಗೆ ಒಪ್ಪೋದು ಅಂದಿದ್ಯಲ್ಲ?”

“ನಿನಗೆ ಒಪ್ಪಿದ್ರೆ ಯಾರಿಗಾದ್ರೂ ಒಪ್ಪತೈತೆ. ವಾರ ನುಡಿಸಿ ತಂತಿ ಹದಾ ಮಾಡ್ದಿ, ಅದೂ ಚಲೋ ಆತು.” ಇಷ್ಟು ಹೇಳಿ ಕಿಟಕಿಯಾಚೆ ನೋಡತೊಡಗಿದ.

ಜಮಾಲುದ್ದೀನ್ ಕೆಟ್ಟವನಲ್ಲ. ಬಟ್ಟೆ ಬಿಚ್ಚಿ ನೋಡಿ ಅವನ ಮುಖ ಅರಳಿತು. “ಯಾರು ಆರಿಸಿದ್ದು ಇದನ್ನ?” ಅಂತ ಕೇಳಿದ. ಬಾಗಿಲ ಪರದೆಯ ಹಿಂದೆ ಹೆಂಗಸರ ನಡುವೆ ನಾನಿದ್ದೆ. “ನಾನೇ. ಮೂರೂ ಬಾರಿಸಿ ನೋಡಿದೆ. ಹೊಳಿಯೋದು ನೋಡೋಕೆ, ಇದು ಕೇಳೋಕೆ” ಅಂದ ನಮ್ಮ ಭಾಯಿ. ನನ್ನದೇ ಮಾತು.

ಬಸ್ಸಿನ ಕುಲುಕಾಟಕ್ಕೆ ತಂತಿಗಳು ಇಳಿದಿದ್ದವು. ಜಮಾಲುದ್ದೀನ್ ಮೀಟಿದರೆ ಅಪಸ್ವರ. ಭಾಯಿ ಬಿರಡೆ ಹಿಡಿದು ಆ ಕಡೆ ಈ ಕಡೆ ತಿರುವಿದ, ಇನ್ನೂ ಕೆಟ್ಟಿತು. ಆಮೇಲೆ ಎದ್ದು ಪರದೆಯ ಹತ್ತಿರ ಬಂದು, “ನಸೀಮಾ, ಒಂದೀಟು ಒಳಗಿಂದೊಳಗೇ ಸರಿ ಮಾಡಿಕೊಡು” ಎಂದು ಪಿಸುಗುಟ್ಟಿದ. “ಆರಿಸಿದವರು ಸರಿ ಮಾಡ್ಲಿ” ಅಂದು ನಾನು ಅಡಿಗೆಮನೆಗೆ ಹೋದೆ. ಅಂದು ಊಟ ಮುಗಿಯುವವರೆಗೂ ಆ ಅಪಸ್ವರ ಕೇಳುತ್ತಲೇ ಇತ್ತು. ಆರಿಸಿ ತಂದ ನಾನೇ ಆ ಗಿಟಾರಿಗೆ ಅನ್ಯಾಯ ಮಾಡಿದೆನೋ ಅನ್ನಿಸಿತು. ಆದರೂ ಎದ್ದು ಹೋಗಲಿಲ್ಲ. ಆವತ್ತಿನಿಂದ ಭಾಯಿ ನನ್ನೊಂದಿಗೆ ಮಾತಾಡಿಲ್ಲ, ನಾನೂ ಆಡಿಲ್ಲ.

ನಿನ್ನ ಕೂಸಿಗೆ ಅಲ್ಲಾಹ್ ನೂರು ವರ್ಷ ಆಯುಸ್ಸು ಕೊಡಲಿ, ನಿನ್ನ ಹಾಗೆ ಕಂಠವನ್ನೂ ಕೊಡಲಿ. ಬೊಮ್ಮಣ್ಣ ಭಾವನವರಿಗೆ, ನಿಮ್ಮತ್ತೆಗೆ ಸಲಾಮು ತಿಳಿಸು. ನೀನು ತಣ್ಣಗಿರು.

ನಿನ್ನ ತಂಗಿಯಂಥ
ನಸೀಮಾ

ತಾ.ಕ: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಅಮ್ಮಿಯ ಹತ್ತಿರ ಭಾಯಿಯ ಮೇಲೆ ದೂರು ಹೇಳಿ ಅತ್ತೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, “ಅವನನ್ನ ಬೈಬ್ಯಾಡ. ಗಿಟಾರು ನಿನಗೇ ಅಂತ ಹೇಳಿದ್ರೇನೇ ನೀನು ಮನಸಿಟ್ಟು ಆರಿಸ್ತೀ ಅಂತ ನಾನೇ ಹೇಳಿಕೊಟ್ಟಿದ್ದು” ಅಂದಳು. ಪುಟ್ಟಕ್ಕಾ, ಆ ವಾರವೆಲ್ಲ ಅಮ್ಮಿ ದಿನಾ ನನ್ನ ಪಕ್ಕದಲ್ಲಿ ಬಂದು ಕೂತು, ತಲೆ ಸವರಿ, “ಇನ್ನೊಂದು ಸಲ ನುಡಿಸು” ಅನ್ನುತ್ತಿದ್ದಳು. ಅಬ್ಬಾ ಹೋದ ಮೇಲೆ ಅವಳು ಹಾಗೆ ಕೂತದ್ದು ಅದೇ ಮೊದಲು. ಕೇಳುವ ಆಸೆಗೆ ಕೂತಳೋ, ತಂತಿ ಹದವಾಗಲಿ ಅಂತ ಕೂತಳೋ, ಅವಳನ್ನು ಕೇಳುವ ಧೈರ್ಯ ನನಗಿಲ್ಲ.