ಬೋಣಿಯ ಇಡ್ಲಿ

ಅಬ್ಬಾ,

ನಿಮಗೆ ಕನ್ನಡ ಓದಲು ಬರುತ್ತಿರಲಿಲ್ಲ. ಈಗಂತೂ ನೀವೇ ಇಲ್ಲ. ಆದರೂ ಬರೆಯುತ್ತಿದ್ದೇನೆ. ಈ ಮದ್ದೂರಿನ ಬೀದಿ ನನಗೆ ಸಾಕಾಗಿದೆ. ನಾಳೆ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೊರಟಿದ್ದೇನೆ.

ನೀವು ಹೋದಾಗಿನಿಂದ ನಮ್ಮ ಸೈಕಲ್ ಅಂಗಡಿ ಮುಂದೆ ದಿನಾ ಬೆಳಗ್ಗೆ ಜಗಳ. ಯುದ್ಧದ ದೆಸೆಯಿಂದ ಬೆಂಕಿಪೆಟ್ಟಿಗೆ ಸಿಗುತ್ತಿಲ್ಲ. ಕಾಫಿ ಹೋಟೆಲಿನ ತಿಮ್ಮಯ್ಯ ಇವತ್ತೂ ಎದುರಿನ ಇಡ್ಲಿ ಹೊಂಬಾಳಮ್ಮನ ಹತ್ತಿರ ಕೆಂಡ ಕೇಳಲು ಹೋದ.

"ಬೋಣಿ ಆಗ್ದೆ ಕೆಂಡ ಕೊಟ್ರೆ ಲಕ್ಸ್ಮಿ ಎದ್ದೋಯ್ತಾಳೆ ಕಣಯ್ಯ!"

ಮಳವಳ್ಳಿ ಬಸ್ಸಿಗೆ ಕಾದಿದ್ದವರೋ, ಕಾಫಿ ಇಲ್ಲದೆ ಇಡ್ಲಿ ಮುಟ್ಟುವುದಿಲ್ಲ ಎಂದು ನಿಂತಿದ್ದರು. ಕೆಂಡವಿಲ್ಲದೆ ಕಾಫಿಯಿಲ್ಲ, ಕಾಫಿಯಿಲ್ಲದೆ ಬೋಣಿಯಿಲ್ಲ, ಬೋಣಿಯಿಲ್ಲದೆ ಕೆಂಡವಿಲ್ಲ.

"ತಿಮ್ಮಣ್ಣ, ನೀನೇ ಒಂದ್ ಇಡ್ಲಿ ತಕೊಂಡು ಬೋಣಿ ಮಾಡು" ಅಂದೆ ನಾನು.

"ಅವಳ ಕಲ್ಲಿಡ್ಲೀನಾ? ಸತ್ರೂ ತಿನ್ನಾಕಿಲ್ಲ ಬುಡ್ಲಾ!"

ರೇಗಿಹೋಗಿ ನಾನೇ ಕಾಸು ಕೊಟ್ಟು ಒಂದು ಇಡ್ಲಿ ತಿಂದೆ. ಹೊಂಬಾಳಮ್ಮ ಕಾಸನ್ನು ಕಣ್ಣಿಗೊತ್ತಿಕೊಂಡಳು, ಕೆಂಡ ಎತ್ತಿ ಕೊಟ್ಟಳು. "ನಿಮ್ಮಪ್ಪನೂ ದಿನಾ ಇಂಗೇ ಬೈಕೊಂಡು ತಿಂತಿದ್ದ ಕಣಪ್ಪ ಇಸಾಕು" ಅಂದಳು.

ಅಂಗಡಿ ತೆಗೆದು ತಿಂಡಿಗೆ ಮನೆಗೆ ಬಂದವರು ದಿನಾ ಅರ್ಧ ರೊಟ್ಟಿ ಬಿಡುತ್ತಿದ್ದಿರಿ. ಹೋಟೆಲಿನ ಚಪಲ ಎಂದು ನಾನೂ ಅಮ್ಮಿಯೂ ಎಷ್ಟು ಅಂದಿದ್ದೆವು! ನೀವಾದರೂ ಒಂದು ಮಾತು ಹೇಳಬಾರದಿತ್ತೇ?

ಇವತ್ತು ನಾನೂ ಅರ್ಧ ರೊಟ್ಟಿ ಬಿಟ್ಟೆ. ಅಮ್ಮಿ ಯಾಕೆಂದು ಕೇಳಿದರು. ಹಸಿವಿಲ್ಲ ಎಂದೆ.

ಬೆಳಗಿನ ರೈಲು ಬೋಣಿಗೆ ಮುಂಚೆಯೇ ಹೊರಟುಬಿಡುತ್ತದೆ. ಮಧ್ಯಾಹ್ನದ ರೈಲಿಗೆ ಹೋದರಾಯಿತು.